ಮೂರನೇ ಫೀಡರಿನ ಸಫಾಯಿ

ನನ್ನ ತಮ್ಮನ ಮೊಮ್ಮಗಳು ಶ್ರುತಿ ಈಗ ಒಂದು ವಿದ್ಯುತ್ ಕಂಪನಿ ಸೇರಿದ್ದಾಳೆ. ಮೊನ್ನೆ ಸಾನಪಾಡಾದ ಅವರ ಮನೆಗೆ ಹೋಗಿದ್ದಾಗ ತನ್ನ ಮೊಬೈಲಿನಲ್ಲೇ ನನಗೆ ತೋರಿಸಿದಳು. ಯಾವ ಲೈನಿನಲ್ಲಿ ಈ ಕ್ಷಣ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬ ಅಂಕಿ ಕಣ್ಣೆದುರೇ ಬದಲಾಗುತ್ತಿತ್ತು. "ಮಗ ತುಮ್ಹಿ ಲೋಕ್ ಕಾಯ್ ಕರಾಯಚೇ, ಅಜ್ಜಾ?" ಎಂದು ಕೇಳಿದಳು. ಹಾಗಾದರೆ ನೀವೆಲ್ಲ ಏನು ಮಾಡುತ್ತಿದ್ದಿರಿ ಅಂತ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಕನ್ನಡ ಓದಲಂತೂ ಬಾರದು. ಹೀಗಾಗಿ ನಾನು ಧೈರ್ಯದಿಂದ ಎಲ್ಲವನ್ನೂ ಬರೆಯುತ್ತಿದ್ದೇನೆ. ಇದು ಅವಳ ಕೈಗೆ ಸಿಕ್ಕರೂ ನನ್ನ ಮರ್ಯಾದೆಗೆ ಸದ್ಯಕ್ಕೆ ಅಪಾಯವಿಲ್ಲ.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಕೆಲವು ಬಂದವು. ಒಂದು ಯಾಕೆ ಬರಲಿಲ್ಲ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ನಾನು ಗದಗದ ಕಡೆಯವನು, ಅಡ್ಡಹೆಸರು ಅಂಗಡಿ. ಎಪ್ಪತ್ತರ ದಶಕದ ಆರಂಭದಲ್ಲಿ ಡಿಪ್ಲೊಮಾ ಮುಗಿಸಿ ಮುಂಬಯಿ ಪಕ್ಕದ ಠಾಣೆ ಊರಿಗೆ ಬಂದು ವಿದ್ಯುತ್ ಇಲಾಖೆಯ ಟೆಸ್ಟಿಂಗ್ ವಿಭಾಗ ಸೇರಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ಶಹಾಡ್ ಕಡೆಯ ಸಬ್‌ಸ್ಟೇಷನ್ನುಗಳಲ್ಲಿ ಕರೆಂಟನ್ನು ಅಳೆಯುವ ಮೀಟರುಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡುವುದು ನಮ್ಮ ಕೆಲಸ. ಮೊದಲ ದಿನವೇ ನನ್ನ ಮೇಲಧಿಕಾರಿ ನನಗೆ ವೃತ್ತಿಯ ಮೂಲಮಂತ್ರ ಹೇಳಿಕೊಟ್ಟರು. ಮೀಟರು ಓದುವ ಮೊದಲು ಅದರ ಗಾಜಿಗೆ ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಬೇಕು. ಯಾಕೆಂದರೆ ಸೂಜಿ ಎಲ್ಲೋ ಸಿಕ್ಕಿಕೊಂಡು ನಿಂತಿರಬಹುದು. ತಟ್ಟಿದರೆ ಅದು ಬೆಚ್ಚಿಬಿದ್ದು ನಿಜವಾದ ಜಾಗಕ್ಕೆ ಹೋಗುತ್ತದೆ. ಈಗಲೂ ಮನೆಯ ಗಡಿಯಾರ ನೋಡುವ ಮೊದಲು ನನ್ನ ಕೈ ಮುಂದೆ ಹೋಗುತ್ತದೆ. ಹೆಂಡತಿ ಬೈಯುತ್ತಾಳೆ.

ಆ ಕಾಲದಲ್ಲಿ ಇಡೀ ವಿಭಾಗಕ್ಕೆ ಒಂದೇ ಒಂದು ಟಾಂಗ್ ಟೆಸ್ಟರ್ ಇತ್ತು. ಇಕ್ಕಳದ ಹಾಗೆ ಬಾಯಿ ತೆರೆದು ತಂತಿಯನ್ನು ತಬ್ಬಿಕೊಂಡರೆ, ತಂತಿ ಕತ್ತರಿಸದೆಯೇ ಅದರೊಳಗಿನ ಕರೆಂಟನ್ನು ತೋರಿಸುವ ಉಪಕರಣ. ಅದನ್ನು ಚರ್ಮದ ಚೀಲದಲ್ಲಿಟ್ಟು, ಸಹಿ ಮಾಡಿಸಿಕೊಂಡು ಕೊಡುತ್ತಿದ್ದರು. ಹೆಗಲಿಗೆ ಅದನ್ನು ಹಾಕಿಕೊಂಡು ಲೋಕಲ್ ಗಾಡಿಯಲ್ಲಿ ನಿಂತರೆ ಜನ ನನ್ನನ್ನು ಫೋಟೋಗ್ರಾಫರ್ ಅಂದುಕೊಳ್ಳುತ್ತಿದ್ದರು, ನಾನೂ ತಿದ್ದಲು ಹೋಗುತ್ತಿರಲಿಲ್ಲ.

ಅದನ್ನು ಮೊದಲ ಸಲ ಒಬ್ಬನೇ ಒಯ್ದದ್ದು ಠಾಣೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿಗೆ. ಮಾಲೀಕರು ಭಟ್ಟರು. ಅವರ ಮೀಟರು ಕಡಿಮೆ ಓಡುತ್ತಿದೆ ಎಂದು ಯಾರೋ ಅರ್ಜಿ ಬರೆದಿದ್ದರು. ಹಿಂದಿನ ಕೋಣೆಯಲ್ಲಿ ಎರಡು ರುಬ್ಬುವ ಯಂತ್ರಗಳು ಗಡಗಡ ತಿರುಗುತ್ತಿದ್ದವು. ನಾನು ಗತ್ತಿನಿಂದ ಇಕ್ಕಳದ ಬಾಯಿ ತೆರೆದು ಒಳಗೆ ಬರುವ ಎರಡೂ ತಂತಿಗಳನ್ನು ಒಟ್ಟಿಗೇ ತಬ್ಬಿಸಿದೆ. ಸೂಜಿ ಅಲುಗಲಿಲ್ಲ. ತಟ್ಟಿದೆ. ಆಗಲೂ ಸೊನ್ನೆ. ವರದಿಯಲ್ಲಿ ಸೊನ್ನೆ ಎಂದೇ ಬರೆದು ಭಟ್ಟರ ಸಹಿ ಕೇಳಿದೆ.

"ಎರಡು ಗ್ರೈಂಡರ್ ತಿರುಗ್ತಾ ಉಂಟು, ಕರೆಂಟು ಸೊನ್ನೆಯಾ?" ಎಂದರು ಭಟ್ಟರು. "ಹಾಗಾದ್ರೆ ಇದು ದೇವರು ತಿರುಗಿಸುದು ಮಾರಾಯ್ರೇ. ನನ್ನ ಹತ್ರ ಯಾಕೆ ಸಹಿ, ಅವನ ಹತ್ರವೇ ಹಾಕಿಸಿ."

ಒಂದು ತಂತಿಯಲ್ಲಿ ಒಳಗೆ ಹೋದ ಕರೆಂಟು ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯೇ ಬರಬೇಕು. ಡಿಪ್ಲೊಮಾ ಪರೀಕ್ಷೆಯಲ್ಲಿ ಇದನ್ನು ಚಿತ್ರ ಸಮೇತ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದವನು ನಾನು. ಭಟ್ಟರು ಒಂದು ಮಸಾಲೆ ದೋಸೆ ಕೊಟ್ಟು, ಮತ್ತೊಮ್ಮೆ ಅಳೆಯಲು ಹೇಳಿ ಕಳಿಸಿದರು. ಎರಡನೇ ಸಲ ಒಂದೇ ತಂತಿ ಹಿಡಿದೆ. ಅವರ ಮೀಟರು ಸರಿಯಾಗಿಯೇ ಇತ್ತು.

ಟಾಂಗ್ ಟೆಸ್ಟರ್ ಮನೆ, ಹೋಟೆಲುಗಳ ತಂತಿಗೆ ಸರಿ. ಇಪ್ಪತ್ತೆರಡು ಸಾವಿರ ವೋಲ್ಟಿನ ಲೈನನ್ನು ಹಾಗೆ ತಬ್ಬಿಕೊಳ್ಳಲು ಹೋದರೆ ಮರುದಿನ ನಮ್ಮ ಹೆಸರಿನಲ್ಲಿ ಶೋಕಸಭೆ. ಅಂಥ ಲೈನುಗಳಿಗೆ ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಸಿ.ಟಿ. ಎಂಬ ಸಾಧನ ಇರುತ್ತದೆ. ಲೈನಿನಲ್ಲಿ ಇನ್ನೂರು ಆಂಪಿಯರ್ ಹರಿದರೆ ಅದು ತನ್ನ ಪಾಲಿನಿಂದ ಐದೇ ಐದು ಆಂಪಿಯರನ್ನು ಒಳಗಿನ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಮೀಟರಿಗೆ ಮುಟ್ಟುವುದು ಐದು. ಅದರ ಮುಖದ ಮೇಲೆ ಬರೆದಿರುವುದು ಇನ್ನೂರು. ಅಂದರೆ ಮೀಟರು ತಾನು ಕಾಣದ್ದನ್ನು ಕಂಡ ಹಾಗೆ ಹೇಳುತ್ತದೆ, ನಾವು ನಂಬುತ್ತೇವೆ. ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದ ಮೇಲೆ ಹೇಳುತ್ತೇನೆ, ಬೇರೆಯವರಿಗಿಂತ ಮೀಟರನ್ನು ನಂಬುವುದೇ ವಾಸಿ.

ಪ್ರತಿ ಲೈನಿಗೆ ಫೀಡರ್ ಎಂದು ಹೆಸರು. ಪ್ರತಿ ಫೀಡರಿಗೆ ಒಂದು ಮೀಟರು. ಆಪರೇಟರನಾದವನು ಗಂಟೆಗೊಮ್ಮೆ ಎದ್ದುಹೋಗಿ, ತಟ್ಟಿ, ಓದಿ, ಲಾಗ್ ಶೀಟಿನಲ್ಲಿ ಬರೆಯಬೇಕು. ಹಾಗೆಂದು ನಿಯಮ. ರೂಢಿ ಬೇರೆ. ಪಾಳಿ ಶುರುವಾದಾಗ ಚಹಾ ಬರುತ್ತದೆ. ಚಹಾದ ಜೊತೆ ಒಂದು ಸಲ ಮೀಟರಿನ ಕಡೆ ಕತ್ತು ತಿರುಗಿಸಿ, ಮುಂದಿನ ಎಂಟೂ ಗಂಟೆಗಳ ಅಂಕಿಗಳನ್ನು ಬರೆದು ಮುಗಿಸುವುದು. ಎಲ್ಲ ಒಂದೇ ಆದರೆ ಅನುಮಾನ ಬರುತ್ತದೆಂದು ಮಧ್ಯದಲ್ಲಿ ಐದು ಕೂಡಿಸಿ, ಐದು ಕಳೆದು ಬರೆಯುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಹೋದ ನನಗೆ ಮಧ್ಯಾಹ್ನ ಮೂರರ ಕರೆಂಟು ಕಾಗದದ ಮೇಲೆ ಸಿದ್ಧವಾಗಿರುತ್ತಿತ್ತು. ಶ್ರುತಿಯ ಕಂಪ್ಯೂಟರು ಈ ಕ್ಷಣದ್ದನ್ನು ಮಾತ್ರ ತೋರಿಸುತ್ತದೆ. ನಮ್ಮವರು ಮುಂದಿನದನ್ನೂ ಬಲ್ಲವರು.

ಹಾಗೆ ಮಾಡದ ಒಬ್ಬನೇ ಒಬ್ಬ ಆಪರೇಟರನ್ನು ನಾನು ಕಂಡದ್ದು ಡೊಂಬಿವಲಿಯ ಕಾರ್ಖಾನೆ ಪ್ರದೇಶದ ಸಬ್‌ಸ್ಟೇಷನ್ನಿನಲ್ಲಿ. ಹೆಸರು ಉಪಾಧ್ಯ. ಉಡುಪಿ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ತೆಳ್ಳಗೆ, ಮುತ್ತಿನಂಥ ಅಕ್ಷರ. ಗಂಟೆ ಹೊಡೆದ ಕೂಡಲೇ ಎದ್ದು, ಪ್ರತಿ ಗಾಜಿಗೆ ಎರಡು ಸಲ ತಟ್ಟಿ, ಕನ್ನಡಕ ಮೇಲೇರಿಸಿ ಓದಿ ಬರೆಯುವರು. ಬೇರೆ ಪಾಳಿಯ ಘರತ್ ಎಂಬಾತ ಅವರನ್ನು "ಪೂಜಾರಿ" ಎಂದು ಕರೆಯುತ್ತಿದ್ದ. ಸಬ್‌ಸ್ಟೇಷನ್ನಿಗೆ ಅಂಟಿಕೊಂಡ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅವರ ಸಂಸಾರ. ಲಕ್ವ ಹೊಡೆದು ಮಲಗಿದ ತಂದೆಯ ಮಂಚ ಕಿಟಕಿಯ ಪಕ್ಕಕ್ಕಿತ್ತು. ಹಗಲೆಲ್ಲ ಆ ಮುದುಕರು ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಕೇಳಿಕೊಂಡಿರುತ್ತಿದ್ದರು. ಅದು ನಿಂತರೆ ಮಗನಿಗೆ ಕೂಗಿ ಹೇಳುತ್ತಿದ್ದರಂತೆ.

ಈಗ ಮೂರನೇ ಫೀಡರಿನ ಸಂಗತಿ. ಅದರ ಮೇಲೆ ಬಣ್ಣದ ಕಾರ್ಖಾನೆ, ರಬ್ಬರ್ ಕಾರ್ಖಾನೆ, ಮಗ್ಗಗಳು ಹೀಗೆ ಒಂದೊಂದಾಗಿ ಸೇರುತ್ತ ಹೋದವು. ಇನ್ನೂರು ಆಂಪಿಯರ್ ದಾಟಿದರೆ ಫೀಡರ್ ತಾನಾಗಿ ಬಂದ್ ಆಗುವ ಏರ್ಪಾಡು ಇತ್ತು. ದಿನಕ್ಕೆ ಮೂರು ಸಲ ಬಂದ್ ಆಗತೊಡಗಿತು. ಪ್ರತಿ ಸಲವೂ ಕಾರ್ಖಾನೆಯವರ ಫೋನು ಕರಂದೀಕರ್ ಸಾಹೇಬರ ಮೇಜಿಗೆ ಬರುತ್ತಿತ್ತು. ಸಾಹೇಬರು ನಮ್ಮ ವಿಭಾಗದ ಮುಖ್ಯಸ್ಥರು, ನಿವೃತ್ತಿಗೆ ಎರಡೂವರೆ ವರ್ಷ ಬಾಕಿ, ಕೆಟ್ಟ ಮನುಷ್ಯರಲ್ಲ. ಅವರಿಗಿದ್ದ ದೊಡ್ಡ ಗುಣವೆಂದರೆ ಯಾವ ಆದೇಶವನ್ನೂ ಕಾಗದದ ಮೇಲೆ ಕೊಡದೆ ಇರುವುದು.

ಸಿ.ಟಿ.ಯ ಪೆಟ್ಟಿಗೆಯೊಳಗೆ ಒಂದು ಹಿತ್ತಾಳೆಯ ಪಟ್ಟಿ ಇರುತ್ತದೆ. ಅದನ್ನು ಇನ್ನೂರರ ತೂತಿಗೆ ಹಾಕಬಹುದು, ನಾನೂರರ ತೂತಿಗೂ ಹಾಕಬಹುದು. ನಾನೂರಕ್ಕೆ ಹಾಕಿದರೆ ಒಳಗೆ ಬರುವ ಕರೆಂಟು ಅರ್ಧವಾಗುತ್ತದೆ. ಬಂದ್ ಮಾಡುವ ಯಂತ್ರ, ಲೋಡು ಇಳಿಯಿತೆಂದು ಸುಮ್ಮನಾಗುತ್ತದೆ. ಜ್ವರ ಬಂದವನ ಥರ್ಮಾಮೀಟರನ್ನು ಬದಲಿಸಿದ ಹಾಗೆ. ಇದಕ್ಕೆ ಕಲ್ಯಾಣದ ಕಚೇರಿಯ ಲಿಖಿತ ಒಪ್ಪಿಗೆ ಬೇಕು. ಸಾಹೇಬರು ನನ್ನನ್ನು ಕರೆದು, "ಅಂಗಡಿ, ಜರಾ ಸಾಫ್ ಕರೂನ್ ಯಾ" ಎಂದರು.

ಸ್ವಲ್ಪ ಸ್ವಚ್ಛ ಮಾಡಿ ಬಾ ಎಂದು. ಇದು ನಮ್ಮ ಇಲಾಖೆಯ ಭಾಷೆ. ಅಂಗಳದ ಯಾವ ಉಪಕರಣಕ್ಕೆ ಕೈ ಹಾಕಬೇಕಾದರೂ, ಆಪರೇಟರು ಮೊದಲು ಲೈನು ಬಂದ್ ಮಾಡಿ, ಪರ್ಮಿಟ್ ಪುಸ್ತಕದಲ್ಲಿ ಏನು ಕೆಲಸವೆಂದು ಬರೆದು ಸಹಿ ಮಾಡಿಕೊಡಬೇಕು. ಬರೆಯಲು ಬಾರದ ಕೆಲಸವಿದ್ದರೆ ಅದಕ್ಕೆ ಸಫಾಯಿ ಎಂದು ಬರೆಯುತ್ತಿದ್ದರು. ಪುಸ್ತಕದ ಪ್ರಕಾರ ನಾನು ಅಲ್ಲಿಯವರೆಗಿನ ಹತ್ತು ವರ್ಷಗಳಲ್ಲಿ ಮಾಡಿದ್ದು ಬಹುಪಾಲು ಸಫಾಯಿಯೇ. ಅಷ್ಟೊಂದು ಸ್ವಚ್ಛಗೊಂಡ ಉಪಕರಣಗಳು ನೋಡಲು ಮಾತ್ರ ಹೊಲಸಾಗಿದ್ದವು.

ಆ ದಿನ ಪರ್ಮಿಟ್ ಕೊಟ್ಟವರು ಉಪಾಧ್ಯರು. ಪಟ್ಟಿಯನ್ನು ನಾನೂರಕ್ಕೆ ಬದಲಿಸಿ ಒಳಗೆ ಬಂದೆ. ಮೀಟರಿನ ಮುಖ ಮಾತ್ರ ಇನ್ನೂರರದೇ ಉಳಿದಿತ್ತು. ಇನ್ನು ಮುಂದೆ ಅದು ಇರುವುದರ ಅರ್ಧ ತೋರಿಸುತ್ತದೆ. ಹೊಸ ಮುಖ ಬರುವವರೆಗೆ, ಎರಡರಿಂದ ಗುಣಿಸಬೇಕೆಂದು ಒಂದು ಚೀಟಿ ಬರೆದು ಗಾಜಿಗೆ ಅಂಟಿಸುವುದು ವಾಡಿಕೆ. ಕೆಂಪು ಶಾಯಿಯಲ್ಲಿ "× 2" ಎಂದು ಬರೆದೆ. ಗೋಂದಿನ ಬಾಟಲಿ ಒಣಗಿ ಕಲ್ಲಾಗಿತ್ತು. ಇಂಥ ಹೊತ್ತಿನಲ್ಲಿ ಊಟದ ಡಬ್ಬಿಯ ಅನ್ನದಿಂದ ಅಂಟಿಸುವುದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ನನ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ರೊಟ್ಟಿಯಿಂದ ಏನು ಅಂಟೀತು.

"ಉಪಾಧ್ಯರ, ನಾಕ ಅಗಳು ಅನ್ನ ಕೊಡ್ರಿ" ಎಂದೆ.

ಅವರು ಡಬ್ಬಿ ತೆರೆದರು. "ತಡೀರಿ, ಊಟಕ್ಕೆ ಮೊದಲೇ ತೆಗೀತೇನೆ. ಸರಕಾರದ ಮೀಟರಿಗೆ ಎಂಜಲು ಹಚ್ಚುದು ಬೇಡ. ಆದ್ರೆ ಇದು ಕುಚ್ಚಲಕ್ಕಿ ಮಾರಾಯ್ರೇ, ಬಿಡಿಬಿಡಿ ಇರ್ತದೆ. ಅಂಟುದಿಲ್ಲ. ಬಿಳಿ ಅಕ್ಕಿ, ಬೆಳ್ತಿಗೆ ಆದ್ರೆ ಅಂಟ್ತಿತ್ತು."

"ಒಂದ್ ವಾರ ನಿಂತ್ರ ಸಾಕ್ರಿ. ಅಷ್ಟರಾಗ ಹೊಸಾ ಮುಖ ಬರ್ತೈತಿ" ಎಂದೆ.

ಹೊಸ ಮುಖ ಒಂದು ವಾರದಲ್ಲಿ ಬರಲಿಲ್ಲ. ಒಂದು ವರ್ಷದಲ್ಲೂ ಬರಲಿಲ್ಲ. ಚೀಟಿ ಮೂರನೇ ದಿನವೇ ಬಿತ್ತು. ಉಪಾಧ್ಯರು ಅದನ್ನು ಎತ್ತಿ ತಮ್ಮ ಪಂಚಾಂಗದೊಳಗೆ ಇಟ್ಟುಕೊಂಡರು. ಮತ್ತೆ ಅಂಟಿಸಲು ನನಗೆ ಎರಡು ಸಲ ಹೇಳಿಕಳಿಸಿದರು. ನಾನು ನಾಳೆ ಬರುತ್ತೇನೆ ಎಂದೆ. ಆ ನಾಳೆಯನ್ನು ಈಗಲೂ ನಾನು ಕ್ಷಮಿಸಿಕೊಂಡಿಲ್ಲ.

ಉಪಾಧ್ಯರು ಮಾತ್ರ ತಪ್ಪದೆ ಎರಡರಿಂದ ಗುಣಿಸಿ ಬರೆಯುತ್ತಿದ್ದರು. ಪಾಳಿ ಬದಲಾಗುವಾಗ ಘರತ್‌ಗೂ, ಮೂರನೇ ಪಾಳಿಯವನಿಗೂ ಬಾಯಿಬಿಟ್ಟು ಹೇಳಿದರು. ಘರತ್, "ಲಿಹಿಲಯ್ ಕುಠೇ?" ಎಂದು ಕೇಳಿದನಂತೆ. ಎಲ್ಲಿ ಬರೆದಿದೆ ತೋರಿಸು ಅಂತ. ಎಲ್ಲೂ ಬರೆದಿರಲಿಲ್ಲ. ಹೀಗೆ ಆ ಫೀಡರಿನಲ್ಲಿ ಎರಡು ಪಾಳಿಗಳಲ್ಲಿ ನೂರಾ ಅರುವತ್ತು ಆಂಪಿಯರ್, ಉಪಾಧ್ಯರ ಪಾಳಿ ಬಂದ ಕೂಡಲೇ ಮುನ್ನೂರಿಪ್ಪತ್ತು ಆಂಪಿಯರ್ ಹರಿಯತೊಡಗಿತು. ಇದು ತಿಂಗಳುಗಟ್ಟಲೆ ನಡೆಯಿತು. ಆ ಶೀಟುಗಳಿಗೆ ಸಹಿ ಹಾಕುವ ಅಧಿಕಾರಿಗಳು ನಾಲ್ವರು. ಒಬ್ಬರೂ ಏನೂ ಕೇಳಲಿಲ್ಲ, ಯಾಕೆಂದರೆ ಸಹಿ ಹಾಕುವ ಜಾಗ ಶೀಟಿನ ಕೆಳಗಿದೆ, ಅಂಕಿಗಳು ಮೇಲಿವೆ.

ಮೇ ತಿಂಗಳ ಒಂದು ಮಧ್ಯಾಹ್ನ ಮೂರನೇ ಫೀಡರಿನ ಕೇಬಲ್ಲು ರಸ್ತೆಯ ಕೆಳಗೇ ಸಿಡಿಯಿತು. ಅದು ತಡೆಯಬಲ್ಲದ್ದು ಇನ್ನೂರೈವತ್ತು. ಇಡೀ ಪ್ರದೇಶ ಎರಡು ದಿನ ಕತ್ತಲು. ಬಣ್ಣದ ಕಾರ್ಖಾನೆಯಲ್ಲಿ ಅರ್ಧ ಬೆಂದ ಬಣ್ಣ ಕೊಳಾಯಿಗಳಲ್ಲೇ ಗಟ್ಟಿಯಾಯಿತು. ಮೇಲಿನಿಂದ ವಿಚಾರಣಾ ಸಮಿತಿ ಬಂತು, ಮೂವರು ಅಧಿಕಾರಿಗಳು. ಅವರು ಕಲ್ಯಾಣದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ಲಾಗ್ ಶೀಟುಗಳನ್ನು ತರಿಸಿಕೊಂಡರು.

ಇಲ್ಲಿ ಒಂದು ಸೂಕ್ಷ್ಮವನ್ನು ಹೊಸಬರು ತಿಳಿಯಬೇಕು. ಲೋಡು ನೂರಾ ಅರುವತ್ತೇ ಇತ್ತು ಅಂತಾದರೆ ತಪ್ಪು ಕೇಬಲ್ಲಿನದು, ಇಲಾಖೆ ಬಚಾವು. ಮುನ್ನೂರಿಪ್ಪತ್ತು ಇತ್ತು ಅಂತಾದರೆ ತಿಳಿದೂ ತಿಳಿದೂ ಕೇಬಲ್ಲನ್ನು ಸುಟ್ಟವರು ನಾವು. ಆದ್ದರಿಂದ ಮುನ್ನೂರಿಪ್ಪತ್ತು ಎಂದು ಬರೆದವನು ಸುಳ್ಳುಗಾರನಾಗಿದ್ದರೆ ಎಲ್ಲರಿಗೂ ಅನುಕೂಲ. ಸಮಿತಿ ಅದಕ್ಕಾಗಿ ಕಷ್ಟಪಡಬೇಕಾಗಿಯೂ ಬರಲಿಲ್ಲ. ಹಿರಿಯ ಸದಸ್ಯರು ಉಪಾಧ್ಯರನ್ನು ಕೇಳಿದರು: "ಈ ಮೀಟರಿನ ಮುಖದ ಮೇಲೆ ಕೊನೆಯ ಅಂಕಿ ಇನ್ನೂರು. ನೀವು ಮುನ್ನೂರಿಪ್ಪತ್ತನ್ನು ಎಲ್ಲಿ ಓದಿದಿರಿ, ಗೋಡೆಯ ಮೇಲೋ?" ಎಲ್ಲರೂ ನಕ್ಕರು. ನಾನೂ ಅಲ್ಲೇ ಕುಳಿತಿದ್ದೆ. ನನ್ನ ಮುಖವೂ ನಕ್ಕ ಹಾಗೆ ಮಾಡಿತು.

ಉಪಾಧ್ಯರು ಪಂಚಾಂಗದಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟರು. "ಇದು ಅಂಗಡಿಯವರು ಬರ್ದದ್ದು. ಪಟ್ಟಿ ನಾನೂರಕ್ಕೆ ಹಾಕಿದ ದಿನ" ಎಂದರು. ಸದಸ್ಯರು ಚೀಟಿಯನ್ನು ತಿರುಗಿಸಿ ನೋಡಿದರು. ಸಹಿ ಇಲ್ಲ, ತಾರೀಕಿಲ್ಲ. ಪರ್ಮಿಟ್ ಪುಸ್ತಕ ತೆರೆದರು. ಅಲ್ಲಿ ಉಪಾಧ್ಯರದೇ ಮುತ್ತಿನಂಥ ಅಕ್ಷರದಲ್ಲಿ ಸಫಾಯಿ ಎಂದು ಬರೆದಿತ್ತು.

"ಅಂಗಡಿ, ಇದು ನಿಮ್ಮದೇ?" ಎಂದು ನನ್ನನ್ನು ಕೇಳಿದರು. ಕರಂದೀಕರ್ ಸಾಹೇಬರು ಎದುರಿಗೆ ಕುಳಿತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಜಾಗಕ್ಕೆ ಹೋಗಿ ನೋಡಿ ಹೇಳಬೇಕಾಗುತ್ತದೆ, ಸರ್." ಹೌದು ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದು ಮತ್ತೆ ಸೊನ್ನೆ ತೋರಿಸಿದೆ. ಉಪಾಧ್ಯರು ನನ್ನ ಕಡೆ ನೋಡಲಿಲ್ಲ. ನನಗೆ ಅಲ್ಲಿಂದ ಎದ್ದುಹೋಗುವಷ್ಟು ನಾಚಿಕೆಯಾಯಿತು, ಆದರೆ ಕುಳಿತೇ ಇದ್ದೆ.

ಶನಿವಾರ ಸಮಿತಿ ಸಬ್‌ಸ್ಟೇಷನ್ನಿಗೇ ಬಂದು ನೋಡುವುದೆಂದು ನಿಶ್ಚಯವಾಯಿತು. ಉಪಾಧ್ಯರ ಕೈಗೆ ಕೊಟ್ಟ ಆರೋಪಪಟ್ಟಿಯಲ್ಲಿ ಸುಳ್ಳು ದಾಖಲೆ ಎಂಬ ಮಾತಿತ್ತು. ಅದು ಸಾಬೀತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ತಿಂಗಳೊಳಗೆ ಕ್ವಾರ್ಟರ್ಸು ಬಿಡಬೇಕು, ಕಿಟಕಿ ಪಕ್ಕದ ಆ ಮಂಚ ಸಮೇತ.

ಗುರುವಾರ ಸಂಜೆ ಕರಂದೀಕರ್ ಸಾಹೇಬರು ನನ್ನನ್ನು ಕರೆದರು. ಬಹಳ ಮೆತ್ತಗೆ ಮಾತಾಡಿದರು. ತಮಗೆ ಉಳಿದಿರುವುದು ಒಂದೂವರೆ ವರ್ಷ, ನನಗೆ ಇಡೀ ಸರ್ವೀಸು ಮುಂದಿದೆ, ಉಪಾಧ್ಯನಿಗೆ ದೊಡ್ಡ ತೊಂದರೆಯಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು: "ಉದ್ಯಾ ಜಾವೂನ್ ಜರಾ ಸಾಫ್ ಕರೂನ್ ಯಾ." ನಾಳೆ ಹೋಗಿ ಪಟ್ಟಿಯನ್ನು ಮತ್ತೆ ಇನ್ನೂರಕ್ಕೆ ಹಾಕಿ ಬಾ ಎಂದು ಅರ್ಥ. ಆಮೇಲೆ ಸಮಿತಿ ಪೆಟ್ಟಿಗೆ ತೆರೆದು ನೋಡಿದರೆ, ಮೀಟರಿನ ಮುಖವೂ ಇನ್ನೂರು, ಪಟ್ಟಿಯೂ ಇನ್ನೂರು, ಉಪಾಧ್ಯ ಸುಳ್ಳು.

ಶುಕ್ರವಾರ ಆ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ. ಕೇಬಲ್ಲು ದುರಸ್ತಿಯಾಗಿ ಫೀಡರ್ ನಡೆಯುತ್ತಿತ್ತು, ಲೋಡು ತೀರ ಕಡಿಮೆ. ಬೆಳಿಗ್ಗೆ ಹನ್ನೊಂದಕ್ಕೆ ಕಂಟ್ರೋಲ್ ರೂಮಿಗೆ ಹೋದೆ. ಪಾಳಿ ಉಪಾಧ್ಯರದೇ. ಮೂರನೇ ಫೀಡರಿನ ಸೂಜಿ ಮೂವತ್ತೈದರ ಮೇಲೆ ನಿಂತಿತ್ತು. ಶೀಟಿನಲ್ಲಿ ಅವರು ಎಪ್ಪತ್ತು ಎಂದು ಬರೆದಿದ್ದರು. ಆರೋಪಪಟ್ಟಿ ಬಂದ ಮೇಲೂ ಗುಣಿಸುವುದನ್ನು ಬಿಟ್ಟಿರಲಿಲ್ಲ.

"ಮೂರನೇ ಫೀಡರ್ ಬಂದ್ ಬೇಕ್ರಿ. ಸಿ.ಟಿ. ಪೆಟ್ಟಿಗಿ ಕೆಲಸ ಐತಿ" ಎಂದೆ.

ಅವರಿಗೆ ಕ್ಷಣದಲ್ಲಿ ಎಲ್ಲ ತಿಳಿಯಿತು. ತಿಳಿಯದಿರಲು ಅವರೇನು ಸಮಿತಿಯ ಸದಸ್ಯರೇ. ಎದ್ದುಹೋಗಿ ಫೀಡರ್ ಬಂದ್ ಮಾಡಿದರು. ಅಂಗಳಕ್ಕೆ ಬಂದು ಲೈನನ್ನು ಭೂಮಿಗೆ ಜೋಡಿಸಿ, ನನಗೆ ಅಪಾಯವಿಲ್ಲವೆಂದು ತಾವೇ ಎರಡು ಸಲ ಪರೀಕ್ಷಿಸಿದರು. ಒಳಗೆ ಬಂದು ಪರ್ಮಿಟ್ ಪುಸ್ತಕ ತೆರೆದು ಪೆನ್ನು ಹಿಡಿದರು.

"ಎಂತ ಕೆಲಸ ಅಂತ ಬರೀಲಿ ಅಂಗಡಿಯವರೇ?"

"ಸಫಾಯಿ" ಎಂದೆ.

ಅವರು ಸಫಾಯಿ ಎಂದು ಬರೆದರು. ಅದೇ ಅಕ್ಷರ. ಸಹಿ ಮಾಡಿ, ಹಾಳೆ ಹರಿದು ನನ್ನ ಕೈಗೆ ಕೊಟ್ಟರು. "ಬಿಸಿಲು ಉಂಟು. ತಲೆಗೆ ಎಂತಾದ್ರೂ ಹಾಕ್ಕೊಳ್ಳಿ" ಎಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂಗಳದಲ್ಲಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಹಿತ್ತಾಳೆಯ ಪಟ್ಟಿ ನಾನು ಹಾಕಿದ ಹಾಗೆಯೇ ನಾನೂರರ ತೂತಿನಲ್ಲಿತ್ತು. ಪಾನಾ ಹಚ್ಚಿ ಮೊದಲ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲಿ ಕ್ವಾರ್ಟರ್ಸಿನ ಕಿಟಕಿಯಿಂದ ಮುದುಕರ ದನಿ ಬಂತು. ಸದ್ದು ಕಡಿಮೆಯಾಗಿದೆಯಲ್ಲ, ಮೂರನೆಯದು ಬಂದ್ ಆಯಿತೇನೋ ನೋಡು ಎಂದು ತುಳುವಿನಲ್ಲಿ ಯಾರಿಗೋ ಹೇಳುತ್ತಿದ್ದರು. ನನಗೆ ತುಳು ಬರುವುದಿಲ್ಲ. ಆದರೂ ಅದೇ ಇರಬೇಕು ಅನ್ನಿಸಿತು.

ನಾನು ಶೂರನಲ್ಲ. ಸತ್ಯದ ಬಗ್ಗೆ ಆಗ ನನಗೆ ದೊಡ್ಡ ವಿಚಾರವೇನೂ ಬರಲಿಲ್ಲ. ಬಂದದ್ದು ಸಿಟ್ಟು. ಹತ್ತು ವರ್ಷದಿಂದ ಸಫಾಯಿ ಸಫಾಯಿ ಎಂದು ಬರೆಸಿಕೊಂಡು ಒಂದು ದಿನವೂ ಒಂದು ಬಟ್ಟೆ ಹಿಡಿದು ಒರೆಸಿದವನಲ್ಲವಲ್ಲ ನಾನು, ಎಂಬ ಸಿಟ್ಟು. ನಟ್ಟನ್ನು ಮತ್ತೆ ಬಿಗಿ ಮಾಡಿದೆ. ಜೇಬಿನಿಂದ ಕರವಸ್ತ್ರ ತೆಗೆದೆ. ಪೆಟ್ಟಿಗೆಯ ಮೂಲೆಯಲ್ಲಿ ಕಣಜ ಕಟ್ಟಿದ್ದ ಮಣ್ಣಿನ ಗೂಡನ್ನು ಕೆರೆದು ತೆಗೆದೆ. ಜೇಡರ ಬಲೆ, ಸತ್ತ ಹಲ್ಲಿ, ತುಕ್ಕಿನ ಪುಡಿ ಎಲ್ಲವನ್ನೂ ಬಳಿದು ಹಾಕಿದೆ. ಪಟ್ಟಿಯನ್ನು ಹೊಳೆಯುವವರೆಗೆ ಉಜ್ಜಿದೆ. ಎಲ್ಲ ನಟ್ಟುಗಳನ್ನೂ ಬಿಗಿದು ಮುಚ್ಚಳ ಹಾಕಿದೆ. ಕರವಸ್ತ್ರ ಕಪ್ಪಾಗಿತ್ತು.

ಒಳಗೆ ಬಂದು ಪರ್ಮಿಟ್ ವಾಪಸು ಕೊಟ್ಟೆ. ಕೆಲಸ ಪೂರ್ಣ: ಸಫಾಯಿ, ಎಂದು ಬರೆದು ಸಹಿ ಮಾಡಿದೆ. ಆ ಪುಸ್ತಕದಲ್ಲಿ ನಾನು ಬರೆದ ಮೊದಲ ನಿಜ ಅದು. ಉಪಾಧ್ಯರು ಹೋಗಿ ಫೀಡರ್ ಚಾಲೂ ಮಾಡಿದರು. ಇಬ್ಬರೂ ಮೀಟರಿನ ಮುಂದೆ ನಿಂತೆವು. ಸಾಹೇಬರು ಹೇಳಿದ್ದನ್ನು ನಾನು ಮಾಡಿದ್ದರೆ ಸೂಜಿ ಎಪ್ಪತ್ತಕ್ಕೆ ಹೋಗಬೇಕು. ಅದು ನಿಧಾನವಾಗಿ ಏರಿ ಮೂವತ್ತೈದಕ್ಕೆ ನಿಂತಿತು. ಉಪಾಧ್ಯರು ಗಾಜಿಗೆ ಎರಡು ಸಲ ತಟ್ಟಿದರು. ಮೂವತ್ತೈದೇ. ಕುರ್ಚಿಗೆ ಹೋಗಿ ಕುಳಿತು ಶೀಟಿನಲ್ಲಿ ಎಪ್ಪತ್ತು ಎಂದು ಬರೆದರು. ನಾನು ಬಸ್ಸು ಹಿಡಿಯಲು ಹೋದೆ.

ವರ್ಗಾವಣೆಯ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅದೇ ತಿಂಗಳು ನನ್ನನ್ನು ಕಳಂಬೋಲಿಗೆ ಹಾಕಿದರು. ಕಬ್ಬಿಣದ ಪೇಟೆ ಇನ್ನೂ ಬರುವುದಿದ್ದ ಕಾಲ, ಕೆಸರು ಮತ್ತು ಬೋರ್ಡುಗಳು ಮಾತ್ರ ಇದ್ದವು. ಅಳೆಯಲು ಲೈನೇ ಇರಲಿಲ್ಲ. ಆದೇಶದಲ್ಲಿ ಕಾರಣ ಆಡಳಿತದ ಅನುಕೂಲ ಎಂದಿತ್ತು. ಆ ಸಾಲಿನ ಬಡ್ತಿ ಹೋಯಿತು. ಕರಂದೀಕರ್ ಸಾಹೇಬರಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅದೊಂದು ಮಾತ್ರ ಲಿಖಿತವಾಗಿ. ಉಪಾಧ್ಯರ ಆರೋಪಪಟ್ಟಿಯನ್ನು ಹಿಂದೆ ತೆಗೆದುಕೊಂಡರು. ಅವರ ತಂದೆ ಮುಂದಿನ ಎರಡು ಮಳೆಗಾಲಗಳನ್ನೂ ಅದೇ ಕಿಟಕಿಯಲ್ಲಿ ಕಂಡರು.

ಆದರೆ ನನಗೆ ಉಳಿದಿರುವುದು ಆ ಶನಿವಾರ. ಸಮಿತಿಯ ಮೂವರೂ ಛತ್ರಿ ಹಿಡಿದು ಅಂಗಳಕ್ಕೆ ಬಂದರು. ಫೀಡರ್ ಬಂದ್ ಮಾಡಿಸಿ ಮುಚ್ಚಳ ತೆರೆದೆ. ನಾನೂರರ ತೂತಿನಲ್ಲಿ ಹಿತ್ತಾಳೆ ಫಳಫಳ ಹೊಳೆಯಿತು. ಚೀಟಿ ನನ್ನದೇ, ಪಟ್ಟಿ ಬದಲಿಸಿದವನೂ ನಾನೇ ಎಂದು ಹೇಳಿದೆ. ಹಿರಿಯ ಸದಸ್ಯರು ಬಗ್ಗಿ ನೋಡಿ, ಕರಂದೀಕರ್ ಸಾಹೇಬರತ್ತ ತಿರುಗಿದರು. ಸಾಹೇಬರು ನನ್ನತ್ತ ತಿರುಗಿದರು.

"ಅಂಗಡಿ, ಕಾಲ್ ಸಾಫ್ ಕೇಲಂ ಹೋತಂ ನಾ?" ಎಂದರು. ನಿನ್ನೆ ಸ್ವಚ್ಛ ಮಾಡಿದ್ದೆಯಲ್ಲ ಎಂದು.

"ಹೋ ಸಾಹೇಬ" ಎಂದೆ. "ಏಕದಂ ಸಾಫ್."

ಒಳಗೆ ಬಂದು ಸಮಿತಿಯವರು ಮೊದಲು ಮಾಡಿದ್ದೇ ಹೊಸ ಚೀಟಿ. ಹಿರಿಯ ಸದಸ್ಯರು ತಮ್ಮ ಕೈಯಿಂದಲೇ "× 2" ಎಂದು ಬರೆದು, ಸಹಿ ಮಾಡಿ, ತಾರೀಕು ಹಾಕಿ, ಅಂಟಿಸಿ ಎಂದರು. ಗೋಂದು ಹುಡುಕಿದೆವು. ಬಾಟಲಿ ಕಲ್ಲಾಗಿಯೇ ಇತ್ತು. ಸಮಿತಿ ಗೊಂದಲಕ್ಕೆ ಬಿತ್ತು. ಉಪಾಧ್ಯರು ಮೂಲೆಯಿಂದ ತಮ್ಮ ಊಟದ ಡಬ್ಬಿಯನ್ನು ತಂದು ನನ್ನ ಮುಂದೆ ತೆರೆದಿಟ್ಟರು. ಒಳಗೆ ಅನ್ನ ಬೆಳ್ಳಗೆ, ಮುದ್ದೆಯಾಗಿತ್ತು.

"ತಗೊಳ್ಳಿ. ಇವತ್ತು ಬೆಳ್ತಿಗೆ. ಅಂಟ್ತದೆ" ಎಂದರು. ಆಮೇಲೆ, ನನಗೆ ಮಾತ್ರ ಕೇಳುವ ಹಾಗೆ: "ನಿನ್ನೆ ಸೂಜಿ ನೋಡಿದ ಮೇಲೆ ಹೆಂಡತಿಗೆ ಹೇಳಿ ಮಾಡಿಸಿದ್ದು."